ಹಳೆಯ ಜಿಮ್ಯಾಟ್ ಗೈಡಿನ ಸೆಂಟೆನ್ಸ್ ಕರೆಕ್ಷನ್ ಭಾಗ: ಮಾಡಿಫೈಯರ್, ಸರ್ವನಾಮ ಕಲಿಯಲು ಈಗಲೂ ಕೊಳ್ಳಬಹುದೇ?

ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಈಗ ಸೆಂಟೆನ್ಸ್ ಕರೆಕ್ಷನ್, ಅಂದರೆ ಇಂಗ್ಲಿಷ್ ವಾಕ್ಯದ ತಪ್ಪು ತಿದ್ದುವ ಪ್ರಶ್ನೆ, ಇಲ್ಲ. 2023ರ ನವೆಂಬರ್ 7ರಂದು ‘ಫೋಕಸ್ ಎಡಿಷನ್’ ಎಂಬ ಹೊಸ ಮಾದರಿ ಶುರುವಾಯಿತು, 2024ರ ಜನವರಿ 31ಕ್ಕೆ ಹಳೆಯ ಮಾದರಿ ನಿಂತಿತು. ಹೊಸ ವರ್ಬಲ್ (ಭಾಷೆಯ) ವಿಭಾಗದಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ. ಎಲ್ಲವೂ ಓದಿ ಅರ್ಥಮಾಡಿಕೊಳ್ಳುವ ಮತ್ತು ತರ್ಕದ ಪ್ರಶ್ನೆಗಳೇ. ಹೀಗಾಗಿ ಎಂಬಿಎ ಆಕಾಂಕ್ಷಿಗಳಿಗೆ ಈ ಪರೀಕ್ಷೆಯ ಅಧಿಕೃತ ಅಭ್ಯಾಸ ಪುಸ್ತಕಗಳಾದ ಹಳೆಯ ಅಫಿಶಿಯಲ್ ಗೈಡುಗಳು ಬೇಡವಾಗಿವೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ಆನ್‌ಲೈನ್ ಹಳೆ ಪುಸ್ತಕದ ಮಾರಾಟದಲ್ಲೋ ಹುಡುಕಿದರೆ ಸಿಗುತ್ತವೆ.

ಆ ಪುಸ್ತಕದ ಒಂದು ಭಾಗದ ಬಗ್ಗೆ ಮಾತ್ರ ಈ ವಿಮರ್ಶೆ. ಬ್ಯಾಂಕ್ ಪರೀಕ್ಷೆಗೆ, ಕೇಂದ್ರ ಸರ್ಕಾರಿ ನೌಕರಿಯ ಎಸ್‌ಎಸ್‌ಸಿಗೆ, ಅಮೆರಿಕದ ಕಾಲೇಜು ಪ್ರವೇಶದ ಡಿಜಿಟಲ್ ಎಸ್‌ಎಟಿಗೆ ಓದುವವರು, ಕಚೇರಿಯಲ್ಲಿ ದಿನವೂ ಇಂಗ್ಲಿಷಿನಲ್ಲಿ ವರದಿ ಬರೆಯುವವರು ಕೇಳುವ ಪ್ರಶ್ನೆ ಒಂದೇ: ಯಾವ ಪದಗುಚ್ಛ (ಮಾಡಿಫೈಯರ್) ಯಾವ ನಾಮಪದಕ್ಕೆ ಅಂಟಿಕೊಳ್ಳುತ್ತದೆ, ‘ಇಟ್’ ಮತ್ತು ‘ದೇ’ ಯಾರನ್ನು ಸೂಚಿಸುತ್ತವೆ ಎಂಬುದನ್ನು ಗಟ್ಟಿಯಾಗಿ ಕಲಿಯಲು ಯಾವುದು ಒಳ್ಳೆಯದು? ನೇರವಾಗಿ ಹೇಳುವುದಾದರೆ ಈ ಎರಡು ವಿಷಯಕ್ಕೆ ಹಳೆಯ ಜಿಮ್ಯಾಟ್ ಪ್ರಶ್ನೆಗಳಿಗಿಂತ ಒಳ್ಳೆಯ ಅಭ್ಯಾಸ ಸಾಮಗ್ರಿ ಇಲ್ಲ. ಆದರೆ ಪುಸ್ತಕದ ವಿವರಣೆಗಳನ್ನೇ ನೆಚ್ಚಿಕೊಂಡರೆ ಅರ್ಧ ಲಾಭವೂ ಸಿಗದು. ಕೋಚಿಂಗ್ ವಲಯದಲ್ಲಿ ಹರಿದಾಡುವ ಒಂದೆರಡು ‘ನಿಯಮ’ಗಳನ್ನು ತಲೆಯಲ್ಲಿ ಇಟ್ಟುಕೊಂಡು ಕೂತರಂತೂ ಸರಿಯುತ್ತರಗಳೇ ತಪ್ಪಾಗಿ ಕಾಣುತ್ತವೆ.

ಇಲ್ಲಿನ ಉದಾಹರಣೆಗಳು ಪುಸ್ತಕದವಲ್ಲ, ಈ ಬರಹಕ್ಕೆಂದೇ ಕಟ್ಟಿದವು. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದುಕೊಂಡರೆ ಹಿಡಿತಕ್ಕೆ ಬೇಗ ಸಿಗುತ್ತವೆ.

ಮೊದಲು ಪ್ರಶ್ನೆಯ ಸ್ವರೂಪ. ಒಂದು ವಾಕ್ಯ, ಅದರಲ್ಲಿ ಅಡಿಗೆರೆ ಎಳೆದ ಭಾಗ, ಕೆಳಗೆ ಐದು ಆಯ್ಕೆ. ‘ಎ’ ಯಾವಾಗಲೂ ಮೂಲವಾಕ್ಯವೇ, ಹಾಗಾಗಿ ಅದನ್ನು ಎರಡನೇ ಸಲ ಓದಬೇಕಿಲ್ಲ. ಕೊನೆಯ ವರ್ಷಗಳಲ್ಲಿ ವರ್ಬಲ್‌ಗೆ 65 ನಿಮಿಷಕ್ಕೆ 36 ಪ್ರಶ್ನೆ ಇದ್ದವು. ಉದ್ದದ ಗದ್ಯಭಾಗಗಳಿಗೆ ಸಮಯ ಉಳಿಯಬೇಕಾದ್ದರಿಂದ ಸೆಂಟೆನ್ಸ್ ಕರೆಕ್ಷನ್ ಒಂದಕ್ಕೆ ಸುಮಾರು ಒಂದೂಕಾಲು ನಿಮಿಷದಲ್ಲಿ ಮುಗಿಸುವುದು ರೂಢಿಯಾಗಿತ್ತು. ಈಗ ಕಲಿಕೆಗಾಗಿ ಮಾಡುವವರಿಗೆ ಆ ಗಡಿಯಾರ ಬೇಕಿಲ್ಲ. ಒಂದು ಪ್ರಶ್ನೆಗೆ ಐದು ನಿಮಿಷ ಕೊಟ್ಟರೂ ನಷ್ಟವಿಲ್ಲ.

ಈ ಪ್ರಶ್ನೆಗಳ ಬೆಲೆ ಇರುವುದು ತಪ್ಪು ಆಯ್ಕೆಗಳಲ್ಲಿ. ಸಾಮಾನ್ಯ ವ್ಯಾಕರಣ ಪುಸ್ತಕ ಒಂದು ತಪ್ಪು ವಾಕ್ಯ, ಒಂದು ಸರಿ ವಾಕ್ಯ ಕೊಟ್ಟು ಮುಂದೆ ಹೋಗುತ್ತದೆ. ಇಲ್ಲಿ ಒಂದೇ ಅರ್ಥವನ್ನು ಐದು ರೀತಿ ಕಟ್ಟಿ, ನಾಲ್ಕರಲ್ಲಿ ಬೇರೆ ಬೇರೆ ಜಾಗದಲ್ಲಿ ಕೊಂಡಿ ತಪ್ಪಿಸಿರುತ್ತಾರೆ. ಅದೇ ಮಾದರಿಯ ಒಂದು ಪ್ರಶ್ನೆ ನೋಡಿ:

‘ಕಂಪ್ಲೀಟೆಡ್ ಇನ್ 1656, ವಿಸಿಟರ್ಸ್ ಟು ಗೋಲ್ ಗುಂಬಜ್ ಕ್ಯಾನ್ ಹಿಯರ್ ಎ ವಿಸ್ಪರ್ ಫ್ರಮ್ ದ ಫಾರ್ ಸೈಡ್ ಆಫ್ ಇಟ್ಸ್ ಗ್ಯಾಲರಿ.’

ಅಲ್ಪವಿರಾಮದ ನಂತರದ ಭಾಗವೆಲ್ಲ ಅಡಿಗೆರೆಯಲ್ಲಿದೆ ಎಂದುಕೊಳ್ಳಿ. ಉಳಿದ ಆಯ್ಕೆಗಳು:

ಬಿ. ‘ಗೋಲ್ ಗುಂಬಜ್ಸ್ ಗ್ಯಾಲರಿ ಲೆಟ್ಸ್ ವಿಸಿಟರ್ಸ್ ಹಿಯರ್ ಎ ವಿಸ್ಪರ್ ಫ್ರಮ್ ಇಟ್ಸ್ ಫಾರ್ ಸೈಡ್.’
ಸಿ. ‘ದೇರ್ ಈಸ್ ಎ ಗ್ಯಾಲರಿ ಇನ್ ಗೋಲ್ ಗುಂಬಜ್ ವೇರ್ ವಿಸಿಟರ್ಸ್ ಕ್ಯಾನ್ ಹಿಯರ್ ಎ ವಿಸ್ಪರ್ ಫ್ರಮ್ ದ ಫಾರ್ ಸೈಡ್.’
ಡಿ. ‘ಗೋಲ್ ಗುಂಬಜ್ ಹ್ಯಾಸ್ ಎ ಗ್ಯಾಲರಿ ಇನ್ ವಿಚ್ ವಿಸಿಟರ್ಸ್ ಕ್ಯಾನ್ ಹಿಯರ್ ಎ ವಿಸ್ಪರ್ ಫ್ರಮ್ ದ ಫಾರ್ ಸೈಡ್.’
ಇ. ‘ಗೋಲ್ ಗುಂಬಜ್ ಹ್ಯಾಸ್ ಎ ಗ್ಯಾಲರಿ, ಆ್ಯಂಡ್ ವಿಸಿಟರ್ಸ್ ಕ್ಯಾನ್ ಹಿಯರ್ ಎ ವಿಸ್ಪರ್ ಫ್ರಮ್ ದ ಫಾರ್ ಸೈಡ್ ಆಫ್ ದೆಮ್.’

ವಾಕ್ಯದ ಆರಂಭದಲ್ಲಿ ‘ಕಂಪ್ಲೀಟೆಡ್ ಇನ್ 1656’ ಎಂಬ ಮಾಡಿಫೈಯರ್ ಇದೆ. ಅದಕ್ಕೆ ತನ್ನದೇ ಕರ್ತೃವಿಲ್ಲ. ಅಲ್ಪವಿರಾಮ ದಾಟಿದ ಕೂಡಲೇ ಬರುವ ಕರ್ತೃವೇ ಅದರ ಕರ್ತೃ. ‘ಎ’ ಆಯ್ಕೆಯಲ್ಲಿ 1656ರಲ್ಲಿ ಪೂರ್ಣಗೊಂಡವರು ಪ್ರವಾಸಿಗರಾಗುತ್ತಾರೆ. ‘ಬಿ’ಯಲ್ಲಿ ಬಲೆ ಇದೆ: ಗೋಲ್ ಗುಂಬಜ್ ಎಂಬ ಹೆಸರು ಅಲ್ಪವಿರಾಮದ ಪಕ್ಕದಲ್ಲೇ ಕಾಣುತ್ತದೆ, ಆದರೆ ಅದು ಷಷ್ಠಿಯಲ್ಲಿದೆ. ಕರ್ತೃ ಗ್ಯಾಲರಿ. ಪೂರ್ಣಗೊಂಡದ್ದು ಗ್ಯಾಲರಿ ಎಂದಾಗಿ, ಹೇಳಬೇಕಾದ ಮಾತು ಬದಲಾಯಿತು. ‘ಸಿ’ಯಲ್ಲಿ ಮಾಡಿಫೈಯರ್ ನೇತಾಡಿಕೊಂಡೇ ಉಳಿಯುತ್ತದೆ, ಏಕೆಂದರೆ ‘ದೇರ್’ ಎಂಬುದು ಯಾವ ವಸ್ತುವನ್ನೂ ಸೂಚಿಸುವುದಿಲ್ಲ. ‘ಇ’ಯಲ್ಲಿ ಆರಂಭ ಸರಿ. ಕೊನೆಯ ‘ದೆಮ್’ ಬಹುವಚನ, ಗ್ಯಾಲರಿ ಏಕವಚನ. ಬಹುವಚನದ ನಾಮಪದ ವಾಕ್ಯದಲ್ಲಿ ಪ್ರವಾಸಿಗರೊಬ್ಬರೇ, ಪಿಸುಮಾತು ಅವರ ಆಚೆ ಬದಿಯಿಂದ ಬಂತು ಎಂದಾಗುತ್ತದೆ. ಉಳಿದದ್ದು ‘ಡಿ’.

ಗಮನಿಸಬೇಕಾದ್ದು: ಐದನ್ನೂ ಕೊನೆಯವರೆಗೆ ಓದುವ ಅಗತ್ಯ ಬೀಳಲಿಲ್ಲ. ಆರಂಭದ ಮಾಡಿಫೈಯರ್ ಕಂಡರೆ ಐದೂ ಆಯ್ಕೆಗಳ ಕರ್ತೃವನ್ನು ಮಾತ್ರ ಮೇಲಿಂದ ಕೆಳಗೆ ನೋಡಿ. ಸಾಮಾನ್ಯವಾಗಿ ಎರಡು ಮೂರು ಆಯ್ಕೆಗಳು ಅಲ್ಲೇ ಉದುರುತ್ತವೆ. ಉಳಿದವುಗಳಲ್ಲಿ ಸರ್ವನಾಮಗಳಿಗೆ ಗೋಲ ಸುತ್ತಿ, ಪ್ರತಿಯೊಂದರಿಂದ ಅದರ ನಾಮಪದಕ್ಕೆ ಗೆರೆ ಎಳೆಯಿರಿ. ಗೆರೆ ಎಳೆಯಲು ಆಗದಿದ್ದರೆ ಅಥವಾ ವಚನ ಹೊಂದದಿದ್ದರೆ ಆಯ್ಕೆ ಹೋಯಿತು. ಇಷ್ಟಾದ ಮೇಲೂ ಎರಡು ಉಳಿದರೆ ಮಾತ್ರ ಅರ್ಥ ಹೋಲಿಸಿ. ಈ ಕ್ರಮವನ್ನು ಪುಸ್ತಕ ಹೇಳಿಕೊಡುವುದಿಲ್ಲ. ಅದು ದೊಡ್ಡ ಕೊರತೆ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ಆರಂಭದ ಮಾಡಿಫೈಯರಿನಲ್ಲಿ ಎಡವಲು ಒಂದು ನಿಜವಾದ ಕಾರಣವಿದೆ. ‘ಬಸ್ಸಿಗೆ ಓಡುತ್ತಿರುವಾಗ ರವಿಯ ಚೀಲ ಬಿತ್ತು’ ಎಂಬುದು ಒಳ್ಳೆಯ ಕನ್ನಡ. ಓಡಿದವನು ರವಿ, ಬಿದ್ದದ್ದು ಚೀಲ, ಯಾರಿಗೂ ಗೊಂದಲವಿಲ್ಲ. ಅದನ್ನೇ ‘ರನ್ನಿಂಗ್ ಟು ಕ್ಯಾಚ್ ದ ಬಸ್, ರವೀಸ್ ಬ್ಯಾಗ್ ಫೆಲ್’ ಎಂದು ಇಂಗ್ಲಿಷಿಗೆ ತಂದರೆ ಓಡಿದ್ದು ಚೀಲವಾಗುತ್ತದೆ. ಇಂಗ್ಲಿಷಿನ ಆರಂಭದ ‘-ಇಂಗ್’ ರೂಪ ನಮ್ಮ ‘-ವಾಗ’ಕ್ಕೆ ಸಮವಲ್ಲ, ‘-ತ್ತಾ’ ರೂಪಕ್ಕೆ ಹತ್ತಿರ. ‘ಬಸ್ಸಿಗೆ ಓಡುತ್ತಾ ರವಿಯ ಚೀಲ ಬಿತ್ತು’ ಎಂದರೆ ಕನ್ನಡ ಕಿವಿಗೂ ಕೂಡಲೇ ಕಸಿವಿಸಿಯಾಗುತ್ತದೆ. ಆದ್ದರಿಂದ ಸಂಶಯ ಬಂದಾಗ ಮಾಡಿಫೈಯರನ್ನು ‘-ತ್ತಾ’ ಅಥವಾ ‘-ಇ’ ರೂಪದಲ್ಲಿ ಕನ್ನಡದಲ್ಲಿ ಹೇಳಿ ನೋಡಿ. ಕನ್ನಡ ಒಪ್ಪದಿದ್ದರೆ ಇಂಗ್ಲಿಷೂ ಒಪ್ಪುವುದಿಲ್ಲ. ‘-ವಾಗ’ ಅರ್ಥವೇ ಬೇಕಿದ್ದರೆ ಕರ್ತೃ ಸಮೇತ ಉಪವಾಕ್ಯ ಬರೆಯಬೇಕು: ‘ಆ್ಯಸ್ ರವಿ ವಾಸ್ ರನ್ನಿಂಗ್ ಟು ಕ್ಯಾಚ್ ದ ಬಸ್, ಹಿಸ್ ಬ್ಯಾಗ್ ಫೆಲ್.’

‘-ಇಂಗ್’ ಕಂಡಲ್ಲೆಲ್ಲ ಈ ಪರೀಕ್ಷೆ ಹೂಡಬಾರದು. ‘ಅಕಾರ್ಡಿಂಗ್ ಟು’, ‘ಕನ್ಸಿಡರಿಂಗ್’ ಮೊದಲಾದವು ರೂಪದಲ್ಲಿ ಹಾಗೆ ಕಂಡರೂ ಪ್ರಿಪೊಸಿಷನ್ ಕೆಲಸ ಮಾಡುತ್ತವೆ. ಅವಕ್ಕೆ ಕರ್ತೃವಿನ ಹಂಗಿಲ್ಲ.

ಈ ಪುಸ್ತಕದ ನಿಜವಾದ ಶಕ್ತಿ ಕಾಣುವುದು ವಾಕ್ಯದ ಕೊನೆಯಲ್ಲಿ ಬರುವ ಮಾಡಿಫೈಯರುಗಳಲ್ಲಿ. ಅಲ್ಪವಿರಾಮದ ನಂತರ ‘ವಿಚ್’ ಹಾಕಬೇಕೋ ‘-ಇಂಗ್’ ಹಾಕಬೇಕೋ ಎಂಬ ಒಂದೇ ಪ್ರಶ್ನೆಯನ್ನು ಹತ್ತಾರು ವೇಷಗಳಲ್ಲಿ ಕೇಳಿರುತ್ತಾರೆ. ‘ದ ಗವರ್ನಮೆಂಟ್ ರೇಸ್ಡ್ ಬಸ್ ಫೇರ್ಸ್, ವಿಚ್ ಆ್ಯಂಗರ್ಡ್ ಸ್ಟೂಡೆಂಟ್ಸ್’ ಎಂಬ ವಾಕ್ಯ ಮಾತಿನಲ್ಲಿ ನಡೆಯುತ್ತದೆ, ಪತ್ರಿಕೆಗಳಲ್ಲೂ ಕಾಣುತ್ತದೆ. ಜಿಮ್ಯಾಟ್ ಒಪ್ಪುವುದಿಲ್ಲ. ಅಲ್ಲಿ ‘ವಿಚ್’ ಒಂದು ನಾಮಪದವನ್ನೇ ಹಿಡಿಯಬೇಕು, ಪಕ್ಕದಲ್ಲಿರುವ ನಾಮಪದ ‘ಫೇರ್ಸ್’. ವಿದ್ಯಾರ್ಥಿಗಳನ್ನು ಕೆರಳಿಸಿದ್ದು ಏರಿಕೆ ಎಂಬ ಕ್ರಿಯೆ. ಸರಿಪಡಿಸಲು ಎರಡು ದಾರಿ: ‘…ರೇಸ್ಡ್ ಬಸ್ ಫೇರ್ಸ್, ಆ್ಯಂಗರಿಂಗ್ ಸ್ಟೂಡೆಂಟ್ಸ್’ ಅಥವಾ ‘…ರೇಸ್ಡ್ ಬಸ್ ಫೇರ್ಸ್, ಎ ಮೂವ್ ದಟ್ ಆ್ಯಂಗರ್ಡ್ ಸ್ಟೂಡೆಂಟ್ಸ್’. ಮೊದಲನೆಯದರಲ್ಲಿ ‘-ಇಂಗ್’ ಇಡೀ ಹಿಂದಿನ ಉಪವಾಕ್ಯಕ್ಕೆ ಅಂಟುತ್ತದೆ. ಎರಡನೆಯದರಲ್ಲಿ ‘ಮೂವ್’ ಎಂಬ ಹೊಸ ನಾಮಪದ ಹಿಂದಿನದನ್ನೆಲ್ಲ ಒಟ್ಟುಗೂಡಿಸುತ್ತದೆ.

ಅಲ್ಪವಿರಾಮದ ನಂತರದ ‘-ಇಂಗ್’ಗೆ ಎರಡು ಷರತ್ತು ಒಟ್ಟಿಗೆ ಪೂರೈಸಬೇಕು. ಒಂದು, ಹಿಂದಿನ ಉಪವಾಕ್ಯದ ಕರ್ತೃವೇ ಆ ಕೆಲಸವನ್ನೂ ಮಾಡಿದೆ ಎಂದರೆ ಅರ್ಥವಾಗಬೇಕು. ಎರಡು, ಅದು ಮುಖ್ಯ ಕ್ರಿಯೆಯ ಜೊತೆಗೇ ನಡೆಯುವಂಥದ್ದೋ, ಅದರ ಫಲವೋ ಆಗಿರಬೇಕು. ‘ದ ರಿವರ್ ರೋಸ್ ಓವರ್‌ನೈಟ್, ಫ್ಲಡಿಂಗ್ ದ ಲೋ ರೋಡ್ಸ್’ ಎರಡನ್ನೂ ದಾಟುತ್ತದೆ: ನದಿ ಏರಿತು, ನದಿಯೇ ರಸ್ತೆ ಮುಳುಗಿಸಿತು, ಏರಿದ್ದರಿಂದಲೇ ಮುಳುಗಿಸಿತು. ಅಲ್ಪವಿರಾಮ ತೆಗೆದರೆ ಕೊಂಡಿ ಬದಲಾಗುತ್ತದೆ. ‘ದ ಪೊಲೀಸ್ ಸ್ಟಾಪ್ಡ್ ದ ಮ್ಯಾನ್ ಕ್ಯಾರಿಯಿಂಗ್ ಎ ಸ್ಯಾಕ್’ ಎಂದಾಗ ಮೂಟೆ ಹೊತ್ತವನು ಆ ಮನುಷ್ಯ. ‘ಮ್ಯಾನ್’ ಆದಮೇಲೆ ಅಲ್ಪವಿರಾಮ ಬಿದ್ದರೆ ಮೂಟೆ ಪೊಲೀಸರ ಬೆನ್ನಿಗೆ ಬರುತ್ತದೆ. ‘-ಎಡ್’ ರೂಪ ಹೀಗಲ್ಲ, ಅದು ಅಲ್ಪವಿರಾಮ ಇದ್ದರೂ ನಾಮಪದವನ್ನೇ ಹುಡುಕುತ್ತದೆ.

ಇಲ್ಲೇ ಮೊದಲ ಕೋಚಿಂಗ್ ನಿಯಮ ಕೈಕೊಡುತ್ತದೆ: ‘ವಿಚ್ ತನ್ನ ಹಿಂದಿನ ಪದವನ್ನೇ ಮುಟ್ಟಿರಬೇಕು.’ ಹೊಸಬರಿಗೆ ಹೇಳಲು ಸುಲಭ, ಹತ್ತರಲ್ಲಿ ಬಹುಪಾಲು ಕೆಲಸಕ್ಕೂ ಬರುತ್ತದೆ. ಆದರೆ ‘ದ ಟ್ರೀಸ್ ಆನ್ ದ ಕ್ಯಾಂಪಸ್, ವಿಚ್ ವರ್ ಪ್ಲಾಂಟೆಡ್ ಲಾಂಗ್ ಅಗೋ, ನೀಡ್ ಪ್ರೂನಿಂಗ್’ ಎಂಬ ವಾಕ್ಯ ಸರಿ. ‘ವಿಚ್’ ಪಕ್ಕದಲ್ಲಿರುವುದು ‘ಕ್ಯಾಂಪಸ್’. ಆದರೆ ‘ವರ್’ ಬಹುವಚನ, ನೆಡುವುದು ಮರಗಳನ್ನು. ನಾಮಪದಕ್ಕೂ ‘ವಿಚ್’ಗೂ ನಡುವೆ ಪ್ರಿಪೊಸಿಷನ್ ಗುಚ್ಛವೊಂದು ಬಂದು, ಅದನ್ನು ಬೇರೆಡೆಗೆ ಸರಿಸಲು ಜಾಗವಿಲ್ಲದಿದ್ದರೆ, ಕ್ರಿಯಾಪದದ ವಚನವೂ ಅರ್ಥವೂ ದಾರಿ ತೋರಿಸುತ್ತಿದ್ದರೆ, ಹಳೆಯ ಜಿಮ್ಯಾಟ್ ಅದನ್ನು ಒಪ್ಪುತ್ತಿತ್ತು. ಮುಟ್ಟುವ ನಿಯಮವನ್ನು ಕುರುಡಾಗಿ ಹಿಡಿದವರು ಕಠಿಣ ಹಂತದ ಪ್ರಶ್ನೆಗಳಲ್ಲಿ ಸರಿಯುತ್ತರವನ್ನೇ ಮೊದಲು ಹೊಡೆದುಹಾಕುತ್ತಾರೆ.

ಎರಡನೆಯ ನಿಯಮ ಇನ್ನೂ ಹಾನಿಕರ: ‘ಸರ್ವನಾಮಕ್ಕೆ ಎರಡು ನಾಮಪದ ಹೊಂದುವಂತಿದ್ದರೆ ಆ ಆಯ್ಕೆ ತಪ್ಪು.’ ‘ಬಿಕಾಸ್ ಟರ್ಮೈಟ್ಸ್ ಹ್ಯಾಡ್ ಈಟನ್ ದ ಡೋರ್ಸ್, ದೇ ಹ್ಯಾಡ್ ಟು ಬಿ ರೀಪ್ಲೇಸ್ಡ್.’ ವಚನದ ಲೆಕ್ಕದಲ್ಲಿ ‘ದೇ’ ಗೆದ್ದಲೂ ಆಗಬಹುದು, ಬಾಗಿಲೂ ಆಗಬಹುದು. ಹೊಸದು ತಂದು ಹಾಕಬೇಕಾದ್ದು ಬಾಗಿಲು ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಇಂಥ ಸರ್ವನಾಮಗಳು ಅಧಿಕೃತ ಸರಿಯುತ್ತರಗಳಲ್ಲೇ ಬಂದಿವೆ. ಆದ್ದರಿಂದ ಅಸ್ಪಷ್ಟತೆಯನ್ನು ಕೊನೆಯ ಅಸ್ತ್ರವಾಗಿ ಮಾತ್ರ ಬಳಸಿ. ಮೊದಲು ಮಾಡಿಫೈಯರ್, ನಂತರ ವಚನ, ಕ್ರಿಯಾಪದ, ಸಮಾನ ರಚನೆ ಎಲ್ಲವನ್ನೂ ನೋಡಿದ ಮೇಲೂ ಎರಡು ಆಯ್ಕೆ ಉಳಿದು, ಒಂದರಲ್ಲಿ ನಾಮಪದವನ್ನೇ ಬರೆದು ಇನ್ನೊಂದರಲ್ಲಿ ‘ದೇ’ ಹಾಕಿದ್ದರೆ ಆಗ ಸ್ಪಷ್ಟವಾದದ್ದನ್ನು ಆರಿಸಿ. ‘ದ ಡಾಕ್ಟರ್ಸ್ ಟೋಲ್ಡ್ ದ ಪೇಷಂಟ್ಸ್ ದಟ್ ದೇ ವರ್ ಅಟ್ ರಿಸ್ಕ್’ ಎಂಬಲ್ಲಿ ಅಪಾಯ ಯಾರಿಗೆ ಎಂಬುದು ನಿಜವಾಗಿಯೂ ತಿಳಿಯದು. ಅದನ್ನು ಬಿಡಲೇಬೇಕು. ಕನ್ನಡದಲ್ಲಿ ಈ ತೊಡಕು ಅಷ್ಟಿಲ್ಲ: ‘ತಾನು ಗೆದ್ದೆನೆಂದು ರವಿ ಸುರೇಶನಿಗೆ ಹೇಳಿದ’, ‘ಅವನು ಗೆದ್ದನೆಂದು ರವಿ ಸುರೇಶನಿಗೆ ಹೇಳಿದ’ ಎಂಬ ಎರಡು ವಾಕ್ಯಗಳನ್ನು ‘ತಾನು’ ಬೇರೆ ಮಾಡಿಕೊಡುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಹಿ’ ಒಂದೇ. ನಮ್ಮ ತಲೆಯಲ್ಲಿ ‘ತಾನು’ ಎಂದು ಸ್ಪಷ್ಟವಾಗಿರುವುದರಿಂದಲೇ ಬರೆದ ‘ಹಿ’ ಓದುಗನಿಗೆ ಸ್ಪಷ್ಟವಿಲ್ಲ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ.

ಷಷ್ಠಿಯಲ್ಲಿರುವ ನಾಮಪದವನ್ನು ಸರ್ವನಾಮ ಸೂಚಿಸಬಾರದು ಎಂಬ ಇನ್ನೊಂದು ಹಳೆಯ ಕಟ್ಟಳೆಗೂ ದೊಡ್ಡ ಕಥೆಯೇ ಇದೆ. ಎಸ್‌ಎಟಿಗೆ ಮುಂಚಿನ ಅಭ್ಯಾಸದಂತಿರುವ ಪಿಎಸ್‌ಎಟಿಯ 2002ರ ಅಕ್ಟೋಬರಿನ ಪರೀಕ್ಷೆಯ ಒಂದು ವಾಕ್ಯದಲ್ಲಿ ಕಾದಂಬರಿಗಾರ್ತಿ ಟೋನಿ ಮಾರಿಸನ್ ಹೆಸರು ಷಷ್ಠಿಯಲ್ಲಿತ್ತು, ಮುಂದೆ ‘ಹರ್’ ಬಂದಿತ್ತು. ವಾಕ್ಯದಲ್ಲಿ ತಪ್ಪಿಲ್ಲ ಎಂಬುದು ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿನ ಉತ್ತರ. ಕಟ್ಟಳೆಯ ಪ್ರಕಾರ ಅದು ತಪ್ಪು ಎಂದು ಶಿಕ್ಷಕರೊಬ್ಬರು ಪಟ್ಟು ಹಿಡಿದರು. ಕೊನೆಗೆ 2003ರಲ್ಲಿ ಕಾಲೇಜ್ ಬೋರ್ಡ್ ಆ ಪ್ರಶ್ನೆಯನ್ನೇ ಕೈಬಿಟ್ಟು ಅಂಕಗಳನ್ನು ಮರುಲೆಕ್ಕ ಹಾಕಿತು. ಒಳ್ಳೆಯ ಬರಹಗಾರರು ಆ ಕಟ್ಟಳೆಯನ್ನು ಎಂದೂ ಪಾಲಿಸಿದವರಲ್ಲ. ಪರೀಕ್ಷೆಯಲ್ಲಿ ಅದೊಂದನ್ನೇ ನೆಚ್ಚಿ ಆಯ್ಕೆ ಹೊಡೆಯುವುದು ಬೇಡ.

ಸರ್ವನಾಮದ ಭಾಗದಲ್ಲಿ ಪುಸ್ತಕ ತುಂಬ ಚೆನ್ನಾಗಿ ಕಲಿಸುವುದು ‘ಇಟ್’ ಮತ್ತು ‘ದಟ್’ ನಡುವಿನ ಅಂತರವನ್ನು. ‘ಇಟ್’ ಹಿಂದೆ ಹೇಳಿದ ಅದೇ ವಸ್ತು. ‘ದಟ್’ ಅದೇ ಜಾತಿಯ ಇನ್ನೊಂದು. ‘ದ ರೇನ್‌ಫಾಲ್ ಆಫ್ ಆಗುಂಬೆ ಈಸ್ ಹೆವಿಯರ್ ದ್ಯಾನ್ ಬಳ್ಳಾರಿ’ ಎಂದರೆ ಮಳೆಯನ್ನು ಊರಿನ ಜೊತೆ ಹೋಲಿಸಿದಂತೆ. ‘ದ್ಯಾನ್ ಇಟ್ ಆಫ್ ಬಳ್ಳಾರಿ’ ಎಂದರೆ ಆಗುಂಬೆಯ ಮಳೆಯೇ ಬಳ್ಳಾರಿಯದೂ ಆಗುತ್ತದೆ. ಬೇಕಾದ್ದು ‘ದ್ಯಾನ್ ದಟ್ ಆಫ್ ಬಳ್ಳಾರಿ’. ವಚನ ಇಲ್ಲೂ ಬಿಡುವುದಿಲ್ಲ: ‘ದ ಸ್ಟ್ರೀಟ್ಸ್ ಆಫ್ ಮೈಸೂರು’ ಎಂದು ಶುರುಮಾಡಿದರೆ ಹೋಲಿಕೆಯ ಕೊನೆಯಲ್ಲಿ ‘ದೋಸ್ ಆಫ್’ ಬರಬೇಕು, ‘ದಟ್ ಆಫ್’ ಅಲ್ಲ. ‘ಡೂ ಇಟ್’, ‘ಡೂ ಸೋ’ ಜೋಡಿಯೂ ಹೀಗೆಯೇ. ‘ದ ಬೋರ್ಡ್ ಪ್ಲ್ಯಾನ್ಡ್ ಟು ರಿಪೇರ್ ದ ಪೈಪ್ಸ್ ಬಟ್ ಕುಡ್ ನಾಟ್ ಡೂ ಇಟ್’ ಎಂಬಲ್ಲಿ ‘ಇಟ್’ ಸೂಚಿಸಲು ಏಕವಚನದ ನಾಮಪದವಾಗಿ ಸಿಗುವುದು ‘ಬೋರ್ಡ್’ ಮಾತ್ರ. ಸೂಚಿಸಬೇಕಾದ್ದು ದುರಸ್ತಿ ಮಾಡುವ ಕ್ರಿಯೆ. ಕ್ರಿಯೆಯ ಜಾಗದಲ್ಲಿ ನಿಲ್ಲುವುದು ‘ಡೂ ಸೋ’. ಸಂಸ್ಥೆಗಳಿಗೆ ‘ದೇ’ ಹಾಕುವ ನಮ್ಮ ಅಭ್ಯಾಸವನ್ನೂ ಈ ಪ್ರಶ್ನೆಗಳು ಬೇಗ ಬಿಡಿಸುತ್ತವೆ. ‘ದ ಕಂಪನಿ’ಗೆ ‘ಇಟ್’, ‘ಇಟ್ಸ್’ ಮಾತ್ರ.

ಒಬ್ಬ ವ್ಯಕ್ತಿಗೆ ‘ದೇ’ ಬಳಸುವ ವಿಚಾರದಲ್ಲಿ ಮಾತ್ರ ಪುಸ್ತಕ ಹಳತಾಗಿದೆ. ಅಮೆರಿಕದ ಮೆರಿಯಂ-ವೆಬ್‌ಸ್ಟರ್ ನಿಘಂಟು 2019ರಲ್ಲಿ ‘ದೇ’ಯನ್ನೇ ವರ್ಷದ ಪದವೆಂದು ಆರಿಸಿತು. ಅದೇ ವರ್ಷ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಶೈಲಿಯೂ ಅದನ್ನು ಒಪ್ಪಿತು. ಹಳೆಯ ಜಿಮ್ಯಾಟ್‌ನಲ್ಲಿ ಅದು ತಪ್ಪು. ಬರವಣಿಗೆಗಾಗಿ ಕಲಿಯುವವರು ಈ ಒಂದು ವಿಷಯದಲ್ಲಿ ಪುಸ್ತಕದ ಮಾತು ಕೇಳಬೇಕಿಲ್ಲ.

ಇನ್ನು ವಿವರಣೆಗಳು. ಪ್ರತಿ ಪ್ರಶ್ನೆಗೂ ಅಧಿಕೃತ ವಿವರಣೆ ಇದೆ, ಐದೂ ಆಯ್ಕೆಗಳ ಮೇಲೆ ಟಿಪ್ಪಣಿ ಇದೆ. ತಪ್ಪಿನ ಬಗೆಗೆ ಶೀರ್ಷಿಕೆಗಳೂ ಇವೆ. ಮಾಡಿಫೈಯರ್ ತಪ್ಪುಗಳನ್ನು ಹುಡುಕುವವರು ‘ಲಾಜಿಕಲ್ ಪ್ರೆಡಿಕೇಷನ್’ ಎಂಬ ಶೀರ್ಷಿಕೆಯ ಕೆಳಗೆ ನೋಡಬೇಕು, ಸರ್ವನಾಮದ ವಚನದ ತಪ್ಪುಗಳು ‘ಅಗ್ರೀಮೆಂಟ್’ ಅಡಿಯಲ್ಲಿ ಬರುತ್ತವೆ. ಮೊದಲ ಸಲ ತೆರೆದವರಿಗೆ ಇದು ಹೊಳೆಯುವುದಿಲ್ಲ. ಟಿಪ್ಪಣಿಗಳ ಗುಣಮಟ್ಟ ಏರುಪೇರು. ಕೆಲವು ಕಡೆ ಕೊಂಡಿ ಎಲ್ಲಿ ತಪ್ಪಿತು ಎಂಬುದನ್ನು ನಿಖರವಾಗಿ ತೋರಿಸುತ್ತವೆ. ಇನ್ನು ಕೆಲವು ಕಡೆ ‘ವರ್ಡಿ’, ‘ಆಕ್ವರ್ಡ್’ ಎಂದು ಹೇಳಿ ಮುಗಿಸುತ್ತವೆ. ಕಲಿಯುವವರಿಗೆ ಅದರಿಂದ ಏನೂ ಸಿಗದು, ಯಾವುದು ಉದ್ದವೋ ಅದೇ ತಪ್ಪು ಎಂಬ ಭ್ರಮೆ ಬೇರೆ ಹುಟ್ಟುತ್ತದೆ. ಸರಿಯುತ್ತರ ಐದರಲ್ಲಿ ಅತಿ ಉದ್ದದ್ದಾಗಿರುವ ಪ್ರಶ್ನೆಗಳು ಈ ಪುಸ್ತಕದಲ್ಲೇ ಬೇಕಾದಷ್ಟಿವೆ. ‘ಆಕ್ವರ್ಡ್’ ಎಂದು ಕಂಡಲ್ಲಿ ನಿಲ್ಲಿಸಿ, ಆ ಆಯ್ಕೆಯ ಪ್ರತಿ ಮಾಡಿಫೈಯರಿಗೂ ಸರ್ವನಾಮಕ್ಕೂ ಗೆರೆ ಎಳೆದು ನೋಡಿ. ನಿಜವಾದ ಕಾರಣ ಸಾಮಾನ್ಯವಾಗಿ ಆ ಗೆರೆಗಳಲ್ಲಿ ಸಿಗುತ್ತದೆ.

ಬಳಸುವ ಕ್ರಮ ಹೀಗಿದ್ದರೆ ಒಳ್ಳೆಯದು. ಒಂದು ಕೂರಿಕೆಗೆ ಹತ್ತು ಪ್ರಶ್ನೆ ಸಾಕು. ಉತ್ತರ ನೋಡುವ ಮೊದಲು ಪ್ರತಿ ಆಯ್ಕೆಯ ಪಕ್ಕ ಕಾರಣವನ್ನು ಎರಡು ಮೂರು ಪದಗಳಲ್ಲಿ ಬರೆಯಿರಿ: ‘ವಿಚ್–ಫೇರ್ಸ್’, ‘ದೆಮ್–ಬಹುವಚನ’ ಎಂಬಷ್ಟು. ಸರಿಯುತ್ತರ ಬಂದರೂ ಕಾರಣ ತಪ್ಪಿದ್ದರೆ ಅದನ್ನು ತಪ್ಪೆಂದೇ ಎಣಿಸಿ. ಉತ್ತರ ಹಾಕಲು ಹಿಡಿದ ಸಮಯಕ್ಕಿಂತ ಎರಡು ಪಟ್ಟು ಪರಿಶೀಲನೆಗೆ ಬೇಕು. ತಪ್ಪಿದ ಪ್ರಶ್ನೆಗಳನ್ನು ಎರಡು ವಾರ ಬಿಟ್ಟು ಮತ್ತೆ ಮಾಡಿ. ಉತ್ತರದ ಅಕ್ಷರ ನೆನಪಿದ್ದರೂ ಕಾರಣ ಹೇಳಲಾಗದಿದ್ದರೆ ಕಲಿತಿಲ್ಲ ಎಂದೇ ಅರ್ಥ.

ಇಂಗ್ಲಿಷ್ ವಾಕ್ಯರಚನೆಯೇ ಇನ್ನೂ ತೊಡಕಾಗಿರುವವರು ಇದರಿಂದ ಶುರುಮಾಡಬಾರದು. ಪ್ರಶ್ನೆಗಳ ವಾಕ್ಯಗಳು ಉದ್ದ, ವಿಷಯಗಳು ವಿಜ್ಞಾನ, ಇತಿಹಾಸ, ಅರ್ಥಶಾಸ್ತ್ರಗಳಿಂದ ಬಂದವು. ಅಂಥವರಿಗೆ ಕಾಲೇಜ್ ಬೋರ್ಡ್ ಉಚಿತವಾಗಿ ಕೊಡುವ ಎಸ್‌ಎಟಿ ಪ್ರಶ್ನೆಬ್ಯಾಂಕ್ ಮೊದಲ ಮೆಟ್ಟಿಲಾಗಲಿ. ಅದರಲ್ಲಿ ‘ಸ್ಟ್ಯಾಂಡರ್ಡ್ ಇಂಗ್ಲಿಷ್ ಕನ್ವೆನ್ಷನ್ಸ್’ ಆರಿಸಿ, ಒಳಗೆ ‘ಫಾರ್ಮ್, ಸ್ಟ್ರಕ್ಚರ್ ಆ್ಯಂಡ್ ಸೆನ್ಸ್’ ಎಂಬುದನ್ನು ಆರಿಸಿದರೆ ಮಾಡಿಫೈಯರ್, ಸರ್ವನಾಮದ ಪ್ರಶ್ನೆಗಳು ಸಿಗುತ್ತವೆ. ಸುಲಭ, ಮಧ್ಯಮ, ಕಠಿಣ ಎಂದು ಬೇರ್ಪಡಿಸಿ ಪಿಡಿಎಫ್ ಮಾಡಿಕೊಳ್ಳಬಹುದು. ಆಯ್ಕೆಗಳು ನಾಲ್ಕೇ, ಗದ್ಯ 25ರಿಂದ 150 ಪದ. ಖಾನ್ ಅಕಾಡೆಮಿಯಲ್ಲಿ ಇದೇ ವಿಷಯಗಳ ಪಾಠಗಳೂ ಉಚಿತ. ಈ ವಿಷಯಗಳಲ್ಲಿ ಎಸ್‌ಎಟಿ ಪ್ರಶ್ನೆಗಳು ಹೆಚ್ಚಾಗಿ ಎರಡನ್ನೇ ಕೇಳುತ್ತವೆ: ಅಲ್ಪವಿರಾಮದ ನಂತರದ ಕರ್ತೃ ಯಾವುದು, ಸರ್ವನಾಮದ ವಚನ ಯಾವುದು. ಅಡಿಪಾಯಕ್ಕೆ ಅಷ್ಟು ಸಾಕು. ಎಸ್‌ಎಟಿಯನ್ನೇ ಬರೆಯುವವರಿಗೆ ಜಿಮ್ಯಾಟ್ ಗೈಡ್ ಅಗತ್ಯವೂ ಇಲ್ಲ.

ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಯವರಿಗೆ ಉತ್ತರ ಸ್ವಲ್ಪ ಬೇರೆ. ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದಲ್ಲಿ ಇಂಗ್ಲಿಷಿನದು 25 ಪ್ರಶ್ನೆ, ತಪ್ಪಿಗೆ ಅರ್ಧ ಅಂಕ ಕಡಿತ. ಬ್ಯಾಂಕ್ ಅಧಿಕಾರಿ ಹುದ್ದೆಯ ಐಬಿಪಿಎಸ್ ಪಿಒ ಪ್ರಿಲಿಮ್ಸ್‌ನಲ್ಲಿ 20 ನಿಮಿಷಕ್ಕೆ 30. ಅಲ್ಲಿ ವಾಕ್ಯಗಳು ಚಿಕ್ಕವು, ಕೇಳುವ ನಿಯಮಗಳು ಹಳೆಯ ಶಾಲಾ ವ್ಯಾಕರಣದವು. ‘ಬೀಯಿಂಗ್ ಎ ರೇನಿ ಡೇ, ವಿ ಸ್ಟೇಡ್ ಇನ್‌ಡೋರ್ಸ್’ ಎಂಬುದು ಅಲ್ಲಿನ ನೆಚ್ಚಿನ ಪ್ರಶ್ನೆ, ಉತ್ತರ ‘ಇಟ್ ಬೀಯಿಂಗ್ ಎ ರೇನಿ ಡೇ’. ತಪ್ಪು ಇಲ್ಲಿಯೂ ಅದೇ, ಮಳೆಯ ದಿನ ‘ವಿ’ ಆಗಲಾರದು. ಆದರೆ ಜಿಮ್ಯಾಟ್ ಪ್ರಶ್ನೆಗಳಲ್ಲಿ ‘ಬೀಯಿಂಗ್’ ಇರುವ ಆಯ್ಕೆ ಬಹುತೇಕ ತಪ್ಪಾಗಿರುವುದರಿಂದ, ಅದನ್ನು ಕಂಡಕೂಡಲೇ ಹೊಡೆಯುವ ರೂಢಿ ಬೆಳೆದರೆ ಎಸ್‌ಎಸ್‌ಸಿಯಲ್ಲಿ ಅಂಕ ಹೋಗುತ್ತದೆ. ‘ಒನ್’ ಬಂದರೆ ಮುಂದೆ ಅದರ ಷಷ್ಠಿ ರೂಪ ‘ಒನ್ಸ್’, ‘ನೈದರ್–ನಾರ್’ನಲ್ಲಿ ಹತ್ತಿರದ ಕರ್ತೃವಿಗೆ ಹೊಂದುವ ಸರ್ವನಾಮ, ‘ಯೂ, ಹಿ ಆ್ಯಂಡ್ ಐ’ ಎಂಬ ಅನುಕ್ರಮ ಇವಕ್ಕೆಲ್ಲ ಈ ಪುಸ್ತಕದಲ್ಲಿ ಅಭ್ಯಾಸ ಸಾಲದು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳೇ ಅವರ ಮುಖ್ಯ ಸಾಮಗ್ರಿಯಾಗಿರಲಿ. ‘ವಿಚ್’ ಮತ್ತು ‘-ಇಂಗ್’ ಗೊಂದಲ ಬಗೆಹರಿಯದಿದ್ದರೆ ಮಾತ್ರ ಈ ಪುಸ್ತಕದ ಸುಲಭ, ಮಧ್ಯಮ ಹಂತದ ಪ್ರಶ್ನೆಗಳನ್ನು ಮಾಡಿಕೊಳ್ಳಲಿ.

ಕೆಲಸಕ್ಕಾಗಿ ಇಂಗ್ಲಿಷ್ ಬರೆಯುವವರಿಗೆ, ಅಂದರೆ ವಕೀಲರು, ಸಾಫ್ಟ್‌ವೇರ್ ದಾಖಲೆ ಬರೆಯುವವರು, ಸಂಶೋಧನಾ ವಿದ್ಯಾರ್ಥಿಗಳು ಮುಂತಾದವರಿಗೆ ಇದನ್ನು ಎರಡನೇ ಯೋಚನೆಯಿಲ್ಲದೆ ಶಿಫಾರಸು ಮಾಡಬಹುದು. ಕರಾರುಪತ್ರದಲ್ಲಿ ‘ಇಟ್’ ಯಾವ ಪಕ್ಷವನ್ನು ಸೂಚಿಸುತ್ತದೆ ಎಂಬುದು ತಪ್ಪಿದರೆ ಹಣ ಹೋಗುತ್ತದೆ. ಗೆರೆ ಎಳೆಯುವ ಅಭ್ಯಾಸ ಕೈಗೆ ಬಂದವರು ತಮ್ಮದೇ ಕರಡಿನಲ್ಲಿ ಇಂಥದ್ದನ್ನು ಹಿಡಿಯುತ್ತಾರೆ.

ಕೊಳ್ಳುವಾಗ ನೋಡಬೇಕಾದ್ದು: ಮುಖಪುಟದಲ್ಲಿ ‘ಫೋಕಸ್ ಎಡಿಷನ್’ ಎಂದಿದ್ದರೆ ವಾಪಸ್ ಇಡಿ, ಅದರಲ್ಲಿ ಸೆಂಟೆನ್ಸ್ ಕರೆಕ್ಷನ್ ಇಲ್ಲ. ಅದಕ್ಕೂ ಹಿಂದಿನ ಯಾವ ಆವೃತ್ತಿಯಾದರೂ ಆಗುತ್ತದೆ. ಅಕ್ಕಪಕ್ಕದ ವರ್ಷಗಳ ಆವೃತ್ತಿಗಳಲ್ಲಿ ಬಹುಪಾಲು ಪ್ರಶ್ನೆಗಳು ಅವೇ ಆದ್ದರಿಂದ ಎರಡು ಕೊಳ್ಳುವುದು ದಂಡ. ಗಣಿತದ ಭಾಗ ಬೇಡವೆಂದರೆ ಅದೇ ಹಳೆಯ ಕಾಲದ ತೆಳುವಾದ ‘ವರ್ಬಲ್ ರಿವ್ಯೂ’ ಸಿಕ್ಕರೆ ಸಾಕು. ಹಳೆಯ ಪ್ರತಿಯಲ್ಲಿ ಆನ್‌ಲೈನ್ ಪ್ರವೇಶದ ಕೋಡನ್ನು ಹಿಂದಿನವರು ಬಳಸಿರುತ್ತಾರೆ ಎಂದೇ ತಿಳಿದು ಬೆಲೆ ಚೌಕಾಸಿ ಮಾಡಿ. ಸೆಂಟೆನ್ಸ್ ಕರೆಕ್ಷನ್ ಪ್ರಶ್ನೆಗಳ ಹಾಳೆಗಳನ್ನು ಅಂಗಡಿಯಲ್ಲೇ ತಿರುವಿ ನೋಡಿ. ಉತ್ತರಗಳಿಗೆ ಪೆನ್ಸಿಲ್ ಗುರುತು ಇದ್ದರೆ ಅಳಿಸಬಹುದು, ಪೆನ್ನಿನಲ್ಲಿ ಸುತ್ತಿದ್ದರೆ ಆ ಪ್ರತಿ ಬೇಡ. ಉತ್ತರ ವಿವರಣೆಯ ಹಾಳೆಗಳು ಪೂರ್ತಿ ಇವೆಯೇ ಎಂದೂ ನೋಡಿ. ಅವು ಪ್ರಶ್ನೆಗಳಾದ ಮೇಲೆ ಅದೇ ಅಧ್ಯಾಯದ ಕೊನೆಯಲ್ಲಿರುತ್ತವೆ.